ಕಂಡಿದೆ, ಕಡತಕ್ಕೆ ಸೇರಿಲ್ಲ

ಹೊಸ ವೆಬ್ ಪುಟ ಮಾಡಿದವರು 'ನನ್ನ ಪುಟ ಎಲ್ಲಿ ಸ್ವಾಮಿ?' ಎಂದು ಗೂಗಲ್ ಸರ್ಚ್ ಕನ್ಸೋಲ್ ಎಂಬ ಕಿಟಕಿಗೆ ಹೋಗಿ ಕೇಳಿದರೆ ಸಿಗುವ ಉತ್ತರಗಳಲ್ಲಿ ಎರಡು ಬಹಳ ಪ್ರಸಿದ್ಧ. ಒಂದು, 'ಪತ್ತೆಯಾಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ.' ಇನ್ನೊಂದು, 'ಓದಲಾಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ.' ಇಂಡೆಕ್ಸ್ ಎಂದರೆ ಗೂಗಲ್ಲಿನ ಕಡತ, ಅದಕ್ಕೆ ಸೇರದ ಪುಟ ಹುಡುಕಿದರೂ ಸಿಗದು. ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಈ ಒಕ್ಕಣೆ ಬರೆಯುವ ಮೊದಲು ನಮ್ಮ ಯಾವ ತಾಲ್ಲೂಕು ಕಚೇರಿಯಲ್ಲಿ ತರಬೇತಿ ಪಡೆದರೋ ಕಾಣೆ. ಖಾತೆ ಬದಲಾವಣೆಗೆ ಒಮ್ಮೆಯಾದರೂ ಅರ್ಜಿ ಕೊಟ್ಟವರಿಗೆ ಇದರ ತಾತ್ಪರ್ಯ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದೆಂದರೆ ನಿಮ್ಮ ಅರ್ಜಿ ಟಪಾಲಿಗೆ ಬಂದಿದೆ, ಲಕೋಟೆ ಯಾರೂ ಒಡೆದಿಲ್ಲ. ಎರಡನೆಯದೆಂದರೆ ಒಡೆದಿದ್ದಾರೆ, ಓದಿದ್ದಾರೆ, ಓದಿ ಇದ್ದಲ್ಲೇ ಇಟ್ಟಿದ್ದಾರೆ. ತಿರಸ್ಕಾರ ಮಾತ್ರ ಮಾಡಿಲ್ಲ. ತಿರಸ್ಕರಿಸಿದರೆ ಹಿಂಬರಹ ಕೊಡಬೇಕು, ಹಿಂಬರಹದಲ್ಲಿ ಕಾರಣ ಬರೆಯಬೇಕು. 'ಸದ್ಯಕ್ಕೆ' ಎಂದುಬಿಟ್ಟರೆ ಆ ತಾಪತ್ರಯವೇ ಇಲ್ಲ.

ಇಂಥ ಕಚೇರಿ ಎಲ್ಲಿದೆಯೋ ಅದರ ಎದುರಿನ ಮರದ ಕೆಳಗೆ ಒಬ್ಬ ಮಧ್ಯವರ್ತಿ ಹುಟ್ಟಿಕೊಳ್ಳುವುದು ಪ್ರಕೃತಿ ನಿಯಮ. 'ಒಳಗೆ ನಮ್ಮವರಿದ್ದಾರೆ, ಬೇಗ ಮಾಡಿಸಿಕೊಡ್ತೀನಿ' ಎನ್ನುವವನು. ಅಂತರಜಾಲದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಆ ಮರದ ಕೆಳಗೆ ಟೇಬಲ್ಲು ಹಾಕಿಕೊಂಡು ಕೂತದ್ದು ಬ್ಲಾಗು. ಪಾಪ, ಅದಾಗಿ ಅದು ಕೂರಲಿಲ್ಲ, ಕೂರಿಸಿದರು.

ಕಚೇರಿಯ ಒಳಗಿನ ವ್ಯವಹಾರ ಹೀಗೆ. ಗೂಗಲ್‌ಬಾಟ್ ಎಂಬ ಗುಮಾಸ್ತ ತನಗೆ ಈಗಾಗಲೇ ಗೊತ್ತಿರುವ ಪುಟಗಳನ್ನು ತೆರೆಯುತ್ತಾನೆ, ಅಲ್ಲಿರುವ ಲಿಂಕುಗಳನ್ನು ಗುರುತು ಹಾಕಿಕೊಳ್ಳುತ್ತಾನೆ, ಆ ಲಿಂಕು ಹಿಡಿದು ಹೊಸ ಪುಟಕ್ಕೆ ಹೋಗುತ್ತಾನೆ. ಯಾವ ಪುಟದಿಂದಲೂ ಲಿಂಕ್ ಇಲ್ಲದ, ಯಾರೂ ಅವನಿಗೆ ವಿಳಾಸ ಕೊಡದ ಪುಟ ಅವನ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಶಾಸಕರನ್ನು ಕರೆಸಿ, ಕುಂಬಳಕಾಯಿ ಒಡೆದು, ಗುಂಡಿ ಒತ್ತಿಸಿ ವೆಬ್‌ಸೈಟ್ ಉದ್ಘಾಟನೆ ಮಾಡಿಸಿದ್ದರೂ ಅಷ್ಟೆ. 1998ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್, ಪ್ರತಿಯೊಂದು ಲಿಂಕನ್ನೂ ಒಂದು ಓಟು ಎಂದು ಎಣಿಸುವ ಉಪಾಯ ತಂದರು. ಗಣ್ಯರ ಓಟಿಗೆ ತೂಕ ಹೆಚ್ಚು, ಸಾಮಾನ್ಯರ ಓಟಿಗೆ ಕಮ್ಮಿ. ಓಟಿಗೆ ಬೆಲೆ ಬಂತು ಎಂದ ಮೇಲೆ ಅದು ಮಾರಾಟಕ್ಕೂ ಬರುತ್ತದೆ ಎಂಬುದನ್ನು ತಿಳಿಯಲು ಸ್ಟ್ಯಾನ್‌ಫರ್ಡಿಗೆ ಹೋಗಬೇಕಿರಲಿಲ್ಲ, ನಮ್ಮ ಯಾವುದಾದರೂ ಗ್ರಾಮ ಪಂಚಾಯಿತಿ ಚುನಾವಣೆಯ ಹಿಂದಿನ ರಾತ್ರಿ ಊರೊಳಗೆ ಒಂದು ಸುತ್ತು ಹಾಕಿದ್ದರೆ ಸಾಕಿತ್ತು.

ಸರದಿ ಉದ್ದವಾಗುವುದು ತಪ್ಪಲ್ಲ, ಅದನ್ನು ಒಪ್ಪೋಣ. 2008ರಲ್ಲೇ ಗೂಗಲ್ ತಾನು ಒಂದು ಲಕ್ಷ ಕೋಟಿ ಬೇರೆಬೇರೆ ವೆಬ್ ವಿಳಾಸಗಳನ್ನು ಕಂಡಿದ್ದೇನೆ ಎಂದು ಹೇಳಿಕೊಂಡಿತ್ತು. ಕಂಡದ್ದನ್ನೆಲ್ಲ ಇಂಡೆಕ್ಸಿಗೆ ಸೇರಿಸುವುದಿಲ್ಲ ಎಂದೂ ಅದೇ ಉಸಿರಿನಲ್ಲಿ ಹೇಳಿತ್ತು. ಒಂದು ಲಕ್ಷ ಕೋಟಿ ಅರ್ಜಿ ಬಂದರೆ ಯಾವ ಶಿರಸ್ತೇದಾರನೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ. ಆದರೆ ಅರ್ಜಿದಾರನಿಗೆ ಕಾಡುವುದು ಸರದಿಯ ಉದ್ದವಲ್ಲ. ತನ್ನ ಹಿಂದೆ ನಿಂತಿದ್ದವನು ಒಳಗೆ ಹೋಗಿ, ಕೆಲಸ ಮುಗಿಸಿಕೊಂಡು, ಹಲ್ಲು ಕಿರಿಯುತ್ತ ಹೊರಗೆ ಬಂದದ್ದು.

ಹಾಗೆ ಮುಂದೆ ಹೋದವನು ಮೊದಲು ಬ್ಲಾಗಿನವನೇ. ಗುಮಾಸ್ತನಿಗೆ ಒಂದು ಅಭ್ಯಾಸವಿತ್ತು: ದಿನಾ ಬದಲಾಗುವ ಪುಟಗಳ ಕಡೆಗೆ ದಿನಾ ಹೋಗುವುದು, ವರ್ಷಕ್ಕೊಮ್ಮೆ ಬದಲಾಗುವ ಕಡೆಗೆ ಅಪರೂಪಕ್ಕೆ ತಲೆ ಹಾಕುವುದು. ಕಂಪನಿಯ ವೆಬ್‌ಸೈಟಿನಲ್ಲಿ ಅಧ್ಯಕ್ಷರ ಫೋಟೋ ಕೂಡ ಅವರು ನಿವೃತ್ತರಾಗಿ ಮೂರು ವರ್ಷವಾದರೂ ಬದಲಾಗುವುದಿಲ್ಲ. ಬ್ಲಾಗಿನವನು ಬೆಳಿಗ್ಗೆ ತಿಂದ ಇಡ್ಲಿಯ ಬಗ್ಗೆ ಬೆಳಿಗ್ಗೆಯೇ ಬರೆಯುತ್ತಾನೆ. ಹೀಗಾಗಿ ಬ್ಲಾಗಿನಲ್ಲಿ ಕೊಟ್ಟ ಲಿಂಕು ಬೇಗ ಕಣ್ಣಿಗೆ ಬೀಳುತ್ತಿತ್ತು. ಇದರಲ್ಲಿ ಮೋಸವೇನೂ ಇರಲಿಲ್ಲ.

ಆಮೇಲೆ 2003ರ ಫೆಬ್ರವರಿ ಬಂತು. ಬ್ಲಾಗರ್ ಎಂಬ ಸೇವೆ ನಡೆಸುತ್ತಿದ್ದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿಯನ್ನು ಗೂಗಲ್ ಕೊಂಡುಕೊಂಡಿತು. ಅಂದರೆ ಬ್ಲಾಗರಿನಲ್ಲಿ ಬರೆಯುವವರಿಗೆ ಬಿಟ್ಟಿ ಜಾಗ ಕೊಡುವ ಬ್ಲಾಗ್‌ಸ್ಪಾಟ್ ಎಂಬ ಧರ್ಮಛತ್ರ ಈಗ ಸಾಹೇಬರ ಸ್ವಂತ ಕಾಂಪೌಂಡಿನೊಳಗೆ ಬಂತು. ಸಾಹೇಬರು ತಮ್ಮ ಛತ್ರದಲ್ಲಿ ಇಳಿದವರ ಅರ್ಜಿಯನ್ನು ಮೊದಲು ನೋಡುತ್ತಾರೆ ಎಂಬ ಮಾತು ಹಬ್ಬಲು ಎಷ್ಟು ಹೊತ್ತು ಬೇಕು? ನಿಜವಾಗಿಯೂ ನೋಡುತ್ತಿದ್ದರೇ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಸಾಹೇಬರ ಹೆಂಡತಿಯ ತವರಿನವನು ಎಂದು ಹೇಳಿಕೊಂಡು ಬದುಕುವವನು ನಿಜವಾಗಿ ತವರಿನವನೇ ಆಗಿರಬೇಕೆಂದಿಲ್ಲ.

ಪಿಂಗ್ ಎಂಬ ಇನ್ನೊಂದು ಸೌಕರ್ಯವೂ ಇತ್ತು. ಹೊಸದೇನಾದರೂ ಬರೆದಾಗ ಬ್ಲಾಗು ತಾನಾಗಿ ಒಂದು ಸರ್ವರಿಗೆ 'ನಮ್ಮಲ್ಲಿ ಹೊಸದು ಬಂದಿದೆ' ಎಂದು ಚುಟುಕಾಗಿ ಸುದ್ದಿ ಮುಟ್ಟಿಸುವ ಏರ್ಪಾಡು. ಡೇವ್ ವೈನರ್ ಎಂಬವರ ವೆಬ್‌ಲಾಗ್ಸ್ ಡಾಟ್ ಕಾಮ್ ಇದಕ್ಕೆ ಹೆಸರಾಗಿತ್ತು. 2004ರಲ್ಲಿ ಪಿಂಗೋಮ್ಯಾಟಿಕ್ ಬಂದು ಒಂದೇ ಗುಂಡಿ ಒತ್ತಿದರೆ ಹತ್ತಾರು ಕಡೆ ಗಂಟೆ ಬಾರಿಸುವಂತಾಯಿತು. ಬರೆಯುವವರು ಕಡಿಮೆ ಮಂದಿ ಇದ್ದಾಗ, ಅವರು ಒಬ್ಬರನ್ನೊಬ್ಬರು ಓದುತ್ತಿದ್ದಾಗ, ಇದು ಚೆಂದದ ವ್ಯವಸ್ಥೆ.

ಇದನ್ನು ಕಂಡ ಮಾರ್ಕೆಟಿಂಗ್ ಪಂಡಿತರಿಗೆ ಜ್ಞಾನೋದಯವಾಯಿತು. 'ಬ್ಲಾಗ್ ಆಂಡ್ ಪಿಂಗ್' ಎಂಬ ಮಂತ್ರ ಹುಟ್ಟಿತು. ಬಿಟ್ಟಿ ಬ್ಲಾಗು ತೆರೆ. ಬಾಯಿಗೆ ಬಂದ ಮೂರು ವಾಕ್ಯ ಬರೆ. ನಾಲ್ಕನೆಯದರಲ್ಲಿ ನಿನ್ನ ಹೊಸ ಪುಟಕ್ಕೆ ಲಿಂಕ್ ಕೊಡು. ಗಂಟೆ ಬಾರಿಸು. ಗುಮಾಸ್ತ ಓಡಿ ಬರುತ್ತಾನೆ, ಮೂರು ವಾಕ್ಯ ಓದುತ್ತಾನೆ, ನಾಲ್ಕನೆಯದರಲ್ಲಿ ಜಾರಿ ನಿನ್ನ ಅಂಗಡಿಯೊಳಗೆ ಬೀಳುತ್ತಾನೆ. ಈ ನಾಲ್ಕು ಹೆಜ್ಜೆಯ ಪಾಠವನ್ನು ಇ-ಪುಸ್ತಕ ಮಾಡಿ ಡಾಲರಿಗೆ ಮಾರಿದರು. ಕೊಂಡವರು ಕೈಯಲ್ಲಿ ಬರೆಯುವುದು ತ್ರಾಸವೆಂದು ಸಾಫ್ಟ್‌ವೇರ್ ಬಂತು. ಸಾಫ್ಟ್‌ವೇರ್ ಒಂದೇ ರಾತ್ರಿಯಲ್ಲಿ ಸಾವಿರ ಬ್ಲಾಗು ತೆರೆಯತೊಡಗಿತು.

ಕಸದ ಈ ಬ್ಲಾಗುಗಳಿಗೆ ಸ್ಪ್ಲಾಗ್ ಎಂಬ ಹೆಸರು ಬಿತ್ತು. 2005ರ ಅಕ್ಟೋಬರಿನಲ್ಲಿ ಬ್ಲಾಗ್‌ಸ್ಪಾಟ್ ಇವುಗಳ ಪ್ರವಾಹದಲ್ಲಿ ಕೊಚ್ಚಿಹೋಗುವಂತಾಯಿತು. ಅದೇ ತಿಂಗಳು ವೆರಿಸೈನ್ ಎಂಬ ಕಂಪನಿ ವೆಬ್‌ಲಾಗ್ಸ್ ಡಾಟ್ ಕಾಮನ್ನು ಸುಮಾರು 23 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಮರುವರ್ಷ ಅಮೆರಿಕದ ಬಾಲ್ಟಿಮೋರ್ ಕೌಂಟಿಯಲ್ಲಿರುವ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ, ಇಂಗ್ಲಿಷ್ ಬ್ಲಾಗುಗಳಿಂದ ಬರುತ್ತಿದ್ದ ಪಿಂಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸ್ಪ್ಲಾಗುಗಳದ್ದೇ ಆಗಿತ್ತು. 23 ಲಕ್ಷ ಡಾಲರ್ ಕೊಟ್ಟು ತಂದ ಗಂಟೆಯನ್ನು ಬಾರಿಸುತ್ತಿದ್ದ ನಾಲ್ವರಲ್ಲಿ ಮೂವರು ಕಳ್ಳರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಚಮತ್ಕಾರವೊಂದಿದೆ. ಸ್ಪ್ಲಾಗ್ ಮಾಡುವವನಿಗೆ ಹಣ ಎಲ್ಲಿಂದ? ಬಹಳ ಮಟ್ಟಿಗೆ ಆಡ್‌ಸೆನ್ಸ್ ಜಾಹೀರಾತಿನಿಂದ. ಆಡ್‌ಸೆನ್ಸ್ ಯಾರದ್ದು? 2003ರಲ್ಲೇ ಶುರುವಾದ ಗೂಗಲ್ಲಿನ ಸ್ವಂತ ವ್ಯಾಪಾರ. ಅಂದರೆ ಗೂಗಲ್ಲಿನ ಛತ್ರದಲ್ಲಿ ಬಿಟ್ಟಿ ಕೋಣೆ ಹಿಡಿದು, ಗೂಗಲ್ಲಿನ ಗುಮಾಸ್ತನಿಗೆ ಮಂಕುಬೂದಿ ಎರಚಿ, ಗೂಗಲ್ಲಿನ ಜಾಹೀರಾತು ತೂಗುಹಾಕಿ, ಬಂದ ಹಣದಲ್ಲಿ ಗೂಗಲ್ಲಿಗೆ ಪಾಲು ಕೊಡುತ್ತಿದ್ದ. ಕಾಂಪೌಂಡಿನ ಒಳಗೇ ಕಳವು, ಕಾಂಪೌಂಡಿನ ಒಳಗೇ ಹಂಚಿಕೆ, ದೂರು ಕೊಡಬೇಕಾದ ಠಾಣೆಯೂ ಅದೇ ಕಾಂಪೌಂಡಿನಲ್ಲಿ. ಮಧ್ಯವರ್ತಿಯನ್ನು ಬೈಯುವವರು ಇಷ್ಟನ್ನು ಮರೆಯದೆ ಬೈಯಲಿ.

ಬ್ಲಾಗು ತೆರೆಯುವ ಶ್ರಮವೂ ಬೇಡ ಎಂದವರು ಬೇರೆಯವರ ಬ್ಲಾಗಿನ ಪ್ರತಿಕ್ರಿಯೆಗಳಲ್ಲಿ ಬೀಡುಬಿಟ್ಟರು. ಯಾರೋ ತಮ್ಮ ಅಜ್ಜಿ ತೀರಿಕೊಂಡ ದುಃಖವನ್ನು ತೋಡಿಕೊಂಡರೆ ಕೆಳಗೆ ಓಹಿಯೋದ ಕೊಳಾಯಿ ರಿಪೇರಿಯವನು 'ತುಂಬಾ ಉಪಯುಕ್ತ ಮಾಹಿತಿ, ಹೀಗೇ ಬರೆಯುತ್ತಿರಿ' ಎಂದು ಹರಸಿ ಹೋಗುತ್ತಿದ್ದ. ಹೀಗೇ ಬರೆಯಲು ಎಷ್ಟು ಜನ ಅಜ್ಜಿಯರಿರುತ್ತಾರೆ? 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಸೇರಿ 'ನೋಫಾಲೋ' ಎಂಬ ಗುರುತು ತಂದರು. ಈ ಗುರುತಿರುವ ಲಿಂಕು ಓಟಲ್ಲ ಎಂದರು. ಬ್ಲಾಗ್ ತಂತ್ರಾಂಶಗಳು ಪ್ರತಿಕ್ರಿಯೆಯಲ್ಲಿನ ಲಿಂಕಿಗೆಲ್ಲ ಅದನ್ನು ಅಂಟಿಸಿದವು. ಕೊಳಾಯಿಯವನ ಬಾಯಿ ಮುಚ್ಚಿತೇ? ಇಲ್ಲ. ಅವನು ಬಾಡಿಗೆಗೆ ಇಟ್ಟಿದ್ದ ಯಂತ್ರಕ್ಕೆ ಗುರುತು ಓದುವ ವ್ಯವಧಾನ ಎಲ್ಲಿ? ಆದರೆ ನಿಜವಾಗಿ ಓದಿ, ನಿಜವಾಗಿ ಮೆಚ್ಚಿ, 'ಇದೇ ವಿಷಯ ನಾನೂ ಬರೆದಿದ್ದೇನೆ ನೋಡಿ' ಎಂದು ಲಿಂಕು ಕೊಟ್ಟ ಸಜ್ಜನನ ಓಟು ಮಾತ್ರ ಅಂದು ಅಸಿಂಧುವಾಯಿತು.

ಈಗ ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರರನ್ನು ಕಲ್ಪಿಸಿಕೊಳ್ಳಿ. ಕಾಫಿಗೆ ಬೆಲೆ ಇಲ್ಲದ ವರ್ಷ ತೋಟದ ಮನೆಯ ಎರಡು ಕೋಣೆಗೆ ಸುಣ್ಣ ಹೊಡೆಸಿ ಹೋಂಸ್ಟೇ ಎಂದು ಬೋರ್ಡು ಹಾಕಿದ್ದಾರೆ. ಮಗಳು ವೆಬ್‌ಸೈಟ್ ಮಾಡಿಕೊಟ್ಟಿದ್ದಾಳೆ. ಬೆಂಗಳೂರಿನಿಂದ ಒಬ್ಬ ಎಸ್‌ಇಒ ಹುಡುಗ, ಅಂದರೆ ಗೂಗಲ್ಲಿನ ಫಲಿತಾಂಶಗಳಲ್ಲಿ ಪುಟಗಳನ್ನು ಮೇಲೆ ತರಿಸುವ ಕಸುಬಿನವನು, ಫೋನ್ ಮಾಡುತ್ತಾನೆ.

'ಸಾರ್, ನಿಮ್ಮ ಸೈಟ್ ಇಂಡೆಕ್ಸೇ ಆಗಿಲ್ಲ.'

'ಹಂಗಂದ್ರೇನಪ್ಪ?'

'ನೀವು ಇರೋದೇ ಗೂಗಲ್‌ಗೆ ಗೊತ್ತಿಲ್ಲ ಸಾರ್.'

'ಗೂಗಲ್ ಇರ್ಲಿ, ಆನೆಗೆ ಗೊತ್ತಿಲ್ದೆ ಇದ್ದಿದ್ರೆ ಸಾಕಿತ್ತು. ವಾರಕ್ಕೆರಡು ಸಲ ಬಂದು ಬಾಳೆ ಮುಗಿಸಿ ಹೋಗುತ್ತೆ.'

'ಐವತ್ತು ಬ್ಲಾಗ್ ಹಾಕ್ತೀವಿ ಸಾರ್. ಐವತ್ತರಿಂದಲೂ ನಿಮ್ಮ ಸೈಟಿಗೆ ಲಿಂಕು. ಮೂರು ದಿನದಲ್ಲಿ ಇಂಡೆಕ್ಸ್, ಗ್ಯಾರಂಟಿ.'

'ಐವತ್ತು ಬ್ಲಾಗು ಬರೆಯೋರು ಯಾರು?'

'ಯಾರೂ ಬರೆಯಲ್ಲ ಸಾರ್. ಸಾಫ್ಟ್‌ವೇರ್ ಇದೆ.'

'ಓದೋರು?'

'ಓದೋರೂ ಯಾರಿಲ್ಲ ಸಾರ್. ಗೂಗಲ್ ಓದುತ್ತೆ.'

'ಅಲ್ಲ ಕಣಪ್ಪಾ, ನನ್ನ ಒಂದು ಸೈಟೇ ಗೂಗಲ್‌ಗೆ ಗೊತ್ತಿಲ್ಲ ಅಂತೀಯ. ಈ ಐವತ್ತು ಹೆಂಗೆ ಗೊತ್ತಾಗುತ್ತೆ?'

ಹುಡುಗ ಈ ಪ್ರಶ್ನೆಗೇ ಕಾದಿದ್ದವನು. 'ಅದಕ್ಕೆ ಟಿಯರ್ ಟೂ ಅಂತ ಇದೆ ಸಾರ್. ಈ ಐವತ್ತಕ್ಕೆ ಲಿಂಕ್ ಕೊಡೋಕೆ ಇನ್ನೊಂದು ಐನೂರು ಬ್ಲಾಗು. ಆ ಐನೂರಕ್ಕೆ ಟಿಯರ್ ತ್ರೀ...'

'ನನ್ನ ಜೀಪಿಗೆ ಇರೋದೇ ನಾಲ್ಕು ಟಯರು ಮಾರಾಯ, ಅದರಲ್ಲೂ ಎರಡು ಸವೆದಿದೆ' ಎಂದು ಬೆಳೆಗಾರರು ಫೋನ್ ಇಟ್ಟರೆ ಬಚಾವು. ಇಡದಿದ್ದರೆ ಎರಡು ವಾರದಲ್ಲಿ ಅಂತರಜಾಲದ ಐವತ್ತು ಮೂಲೆಗಳಲ್ಲಿ ಇಂಥ ಸಾಹಿತ್ಯ ಮೂಡುತ್ತದೆ: 'ಸಕಲೇಶಪುರದಲ್ಲಿ ಹೋಂಸ್ಟೇ ಹುಡುಕುತ್ತಿದ್ದೀರಾ? ಸಕಲೇಶಪುರದ ಅತ್ಯುತ್ತಮ ಹೋಂಸ್ಟೇ ಸಕಲೇಶಪುರದಲ್ಲಿದೆ. ಸಕಲೇಶಪುರ ಹೋಂಸ್ಟೇಯಲ್ಲಿ ಗಡಿಯಾರದ ಸುತ್ತ ಬಿಸಿನೀರು ಲಭ್ಯ.' ಗಡಿಯಾರಕ್ಕೆ ಏಕೆ ಸ್ನಾನ ಮಾಡಿಸುತ್ತಾರೆ ಎಂದು ಕೇಳಬೇಡಿ. ಇಂಗ್ಲಿಷಿನಲ್ಲಿ ಬರೆದ ಯಂತ್ರ ಒಂದು, ಕನ್ನಡಕ್ಕೆ ತಂದ ಯಂತ್ರ ಇನ್ನೊಂದು, ಓದುವ ಯಂತ್ರ ಮತ್ತೊಂದು. ಮೂರಕ್ಕೂ ಚಳಿಯಿಲ್ಲ, ಬಿಸಿನೀರೂ ಬೇಡ.

ಈ ಪೇಟೆಯಲ್ಲಿ ಬ್ಲಾಗುಗಳ ದರ ನಿಗದಿಯಾಗುವುದು ಡಿಎ ಮೇಲೆ. ಸರ್ಕಾರಿ ನೌಕರರು ಹಿಗ್ಗಬೇಕಾಗಿಲ್ಲ, ಇದು ತುಟ್ಟಿಭತ್ಯೆಯಲ್ಲ. ಡೊಮೇನ್ ಅಥಾರಿಟಿ ಎಂಬ, ಮಾಜ್ ಎಂಬ ಖಾಸಗಿ ಕಂಪನಿ ತನ್ನ ಲೆಕ್ಕದಲ್ಲಿ ಕೊಡುವ ಅಂಕ. ಅದನ್ನು ತಾನು ಬಳಸುವುದೇ ಇಲ್ಲ ಎಂದು ಗೂಗಲ್ ಹೇಳುತ್ತಲೇ ಬಂದಿದೆ. ತಹಸೀಲ್ದಾರರು ಕಣ್ಣೆತ್ತಿಯೂ ನೋಡದ ಒಂದು ಮುದ್ರೆಗೆ ಕಚೇರಿಯ ಹೊರಗೆ ಮಾತ್ರ ದಿನೇ ದಿನೇ ಬೆಲೆ ಏರುತ್ತಿದೆ.

ಗೂಗಲ್ ಸುಮ್ಮನೆ ಕೂತಿತು ಎಂದರೆ ಅನ್ಯಾಯವಾದೀತು. ಅರ್ಜಿ ಸಲ್ಲಿಸುವ ನೇರ ಕಿಟಕಿಗಳನ್ನು ಅದು ತೆರೆಯುತ್ತಲೇ ಬಂತು, ಮುಚ್ಚುತ್ತಲೂ ಬಂತು. 2005ರ ಜೂನ್‌ನಲ್ಲಿ, ನಿಮ್ಮ ಪುಟಗಳ ವಿಳಾಸಗಳಿರುವ ಸೈಟ್‌ಮ್ಯಾಪ್ ಎಂಬ ಪಟ್ಟಿ ಕೊಡಿ ಎಂದಿತು. ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಕೂಡ ಅದೇ ನಮೂನೆಯನ್ನು ಒಪ್ಪಿದವು. ಪಟ್ಟಿ ಬದಲಾದಾಗ ಗಂಟೆ ಬಾರಿಸಿ ತಿಳಿಸಿ ಎಂದು ಒಂದು ವಿಳಾಸ ಕೊಟ್ಟಿತು. 2023ರಲ್ಲಿ, ಅಲ್ಲಿ ಬರುವುದೆಲ್ಲ ಬರೀ ಕಸ ಎಂದು ಆ ಗಂಟೆಯನ್ನೇ ಬಿಚ್ಚಿತು. ಸರ್ಚ್ ಕನ್ಸೋಲ್‌ನಲ್ಲಿ 'ಇಂಡೆಕ್ಸ್ ಮಾಡಲು ಕೋರಿಕೆ' ಎಂಬ ಗುಂಡಿ ಇದೆ. 2020ರ ಅಕ್ಟೋಬರಿನಲ್ಲಿ ದುರಸ್ತಿಯ ನೆವದಲ್ಲಿ ಅದನ್ನು ಮುಚ್ಚಿ ಡಿಸೆಂಬರಿನಲ್ಲಿ ತೆರೆದಾಗ ಎಸ್‌ಇಒ ಲೋಕದಲ್ಲಿ ಎದ್ದ ನಿಟ್ಟುಸಿರು ಬಾರು ಮತ್ತೆ ತೆರೆದ ದಿನದ ನಿಟ್ಟುಸಿರಿಗೆ ಕಡಿಮೆಯಿರಲಿಲ್ಲ. ಇಂಡೆಕ್ಸಿಂಗ್ ಎಪಿಐ ಎಂಬ ವಿಐಪಿ ದ್ವಾರವೂ ಉಂಟು. ಅದು ನೌಕರಿಯ ಜಾಹೀರಾತು ಮತ್ತು ನೇರಪ್ರಸಾರದ ಪುಟಗಳಿಗೆ ಮಾತ್ರ ಎಂದು ಬಾಗಿಲ ಮೇಲೆಯೇ ಬರೆದಿದೆ. ಬರೆದದ್ದನ್ನು ಓದಿದ ಕೂಡಲೇ ಮೂಲವ್ಯಾಧಿ ಔಷಧಿಯವನೂ, ಜಾತಕ ನೋಡುವವನೂ ಆ ಬಾಗಿಲ ಮುಂದೆ ಸಾಲುಗಟ್ಟಿದರು. ಗೂಗಲ್ಲಿನಂತೆಯೇ ಹುಡುಕಿಕೊಡುವ ಬಿಂಗ್ ಮತ್ತು ರಷ್ಯಾದ ಯಾಂಡೆಕ್ಸ್ 2021ರಲ್ಲಿ ಇಂಡೆಕ್ಸ್‌ನೌ ಎಂದು ಎಲ್ಲರಿಗೂ ತೆರೆದ ಒಂದು ಬಾಗಿಲು ಇಟ್ಟವು. ಆದರೇನು? ಬೇಗ ಸಿಗುವ ಬಿಂಗಿಗಿಂತ ತಡವಾಗುವ ಗೂಗಲ್ಲೇ ಭಕ್ತರಿಗೆ ಪ್ರಿಯ.

ದಂಡನೆಯೂ ನಡೆಯಿತು. 2011ರ ಫೆಬ್ರವರಿಯಲ್ಲಿ ಪಾಂಡಾ, 2012ರ ಏಪ್ರಿಲಿನಲ್ಲಿ ಪೆಂಗ್ವಿನ್ ಎಂಬ ಮುದ್ದಾದ ಹೆಸರಿನ ಹೊಸ ಲೆಕ್ಕಾಚಾರಗಳನ್ನು ತಂದು ಗೂಗಲ್ ಕಸದ ತಾಣಗಳ ಮೇಲೆ ಲಾಠಿ ಬೀಸಿತು. 2014ರಲ್ಲಿ ಬ್ಲಾಗುಗಳ ಗುಪ್ತ ಜಾಲಗಳನ್ನು ಹಿಡಿಹಿಡಿದು ಇಂಡೆಕ್ಸಿನಿಂದ ಕಿತ್ತು ಹಾಕಿತು. ಅದೇ ವರ್ಷದ ಆರಂಭದಲ್ಲಿ, ಗೂಗಲ್ಲಿನಲ್ಲಿ ಕಸ ಹಿಡಿಯುವ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್, ಲಿಂಕಿಗಾಗಿ ಬೇರೆಯವರ ಬ್ಲಾಗಿನಲ್ಲಿ ಅತಿಥಿ ಲೇಖನ ಬರೆಯುವ ಪದ್ಧತಿಗೆ ಶ್ರದ್ಧಾಂಜಲಿ ಬರೆದರು. ತಿಥಿ ಊಟ ಮುಗಿಸಿ ಬಂದ ಎಸ್‌ಇಒ ಮಂದಿ ಮಾರನೆಯ ದಿನ 'ಕಟ್ಸ್ ಹೇಳಿದ ಮೇಲೂ ಅತಿಥಿ ಲೇಖನ ಬರೆಯುವುದು ಹೇಗೆ' ಎಂದು ಅತಿಥಿ ಲೇಖನ ಬರೆದರು.

ಹಾಗಾದರೆ ಇಷ್ಟೆಲ್ಲ ಕಾವಲಿರುವ ಕಚೇರಿಯಿಂದ ಹೊರಬರುವ ಆದೇಶಗಳಾದರೂ ಘನವಾಗಿರುತ್ತವೆಯೇ? 2021ರ ಜೂನ್ ನೆನಪಿದೆಯಲ್ಲ. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಯಾರೋ ಕೆಲಸವಿಲ್ಲದವರು ಇಂಗ್ಲಿಷಿನಲ್ಲಿ ಕೇಳಿದರೆ, ಗೂಗಲ್ ಎಲ್ಲ ಫಲಿತಾಂಶಗಳ ನೆತ್ತಿಯ ಮೇಲೆ ಚೌಕಟ್ಟು ಹಾಕಿ 'ಕನ್ನಡ' ಎಂದು ಉತ್ತರ ಕೊಟ್ಟಿತು. ಆ ಸಾಲು ಬಂದದ್ದು ಯಾರೂ ಹೆಸರು ಕೇಳಿರದ ಯಾವುದೋ ತಾಣದಿಂದ. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ನೋಟಿಸು ಕೊಡುತ್ತೇವೆ ಎಂದರು, ಗೂಗಲ್ ಕ್ಷಮೆ ಕೇಳಿ ಅದನ್ನು ತೆಗೆಯಿತು. ಎಲ್ಲರೂ ಭಾಷೆಗಾದ ಅವಮಾನದ ಬಗ್ಗೆ ಮಾತಾಡಿದರು, ಸರಿಯೇ. ನನಗೆ ಬೇರೆಯದೇ ಸಂಕಟ. ಕನ್ನಡದಲ್ಲಿ ಶ್ರದ್ಧೆಯಿಂದ ಬರೆದ ಎಷ್ಟೋ ಪುಟಗಳು 'ಓದಲಾಗಿದೆ, ಸದ್ಯಕ್ಕೆ ಸೇರಿಲ್ಲ' ಎಂದು ಟಪಾಲಿನಲ್ಲಿ ಕೊಳೆಯುತ್ತಿರುವಾಗ, ಕನ್ನಡವನ್ನು ಬೈದ ಆ ಚೀಟಿಗೆ ಮಾತ್ರ ಒಳಗೆ ಹೋಗಿ, ಸಹಿ ಬಿದ್ದು, ಮೊಹರು ಬಿದ್ದು, ನೋಟಿಸ್ ಬೋರ್ಡಿಗೆ ಏರುವ ಭಾಗ್ಯ ಹೇಗೆ ಬಂತು? ಅದರ ಮಧ್ಯವರ್ತಿಯ ವಿಳಾಸ ಸಿಕ್ಕರೆ ಕನ್ನಡ ಸಾಹಿತ್ಯ ಪರಿಷತ್ತಿಗೆ ತಿಳಿಸಬಹುದಿತ್ತು.

ಕನ್ನಡದ ವಿಷಯ ಬಂತು, ಇನ್ನೊಂದು ಮಾತು. ಬ್ಲಾಗಿನಿಂದ ಬೇಗ ಇಂಡೆಕ್ಸ್ ಆದದ್ದರ ಪ್ರಾಮಾಣಿಕ ಲಾಭ ಪಡೆದವರಲ್ಲಿ ನಮ್ಮವರೂ ಇದ್ದಾರೆ. 2005ರ ಆಚೀಚೆಗೆ 'ಬರಹ' ತಂತ್ರಾಂಶ ಹಾಕಿಕೊಂಡು, ಯಂತ್ರವೂ ಕನ್ನಡವೆಂದೇ ಓದಬಲ್ಲ ಯೂನಿಕೋಡಿನಲ್ಲಿ, ಬ್ಲಾಗ್‌ಸ್ಪಾಟಿನಲ್ಲಿ ಬರೆಯತೊಡಗಿದ ಹುಡುಗ ಹುಡುಗಿಯರು ಅವರು. ಹಗಲು ಸಾಫ್ಟ್‌ವೇರ್ ಕೋಡು, ರಾತ್ರಿ ಊರಿನ ಮಳೆ. ಅದೇ ಕಾಲದಲ್ಲಿ ಹಲವು ದೊಡ್ಡ ಪತ್ರಿಕೆಗಳ ತಾಣಗಳು ತಮ್ಮ ತಮ್ಮ ಸ್ವಂತ ಫಾಂಟುಗಳ ಕೋಟೆ ಕಟ್ಟಿಕೊಂಡು ಒಳಗೆ ಕೂತಿದ್ದವು. ತೆರೆಯ ಮೇಲೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಗುಮಾಸ್ತ ಅದನ್ನು ಓದಿ ಏನೆಂದು ಬರೆದುಕೊಂಡಾನು? ಹೀಗಾಗಿ ಒಂದು ಕನ್ನಡ ಪದ ಹುಡುಕಿದರೆ ಲಕ್ಷಗಟ್ಟಲೆ ಪ್ರಸಾರದ ಪತ್ರಿಕೆ ಸಿಗುತ್ತಿರಲಿಲ್ಲ, ತೀರ್ಥಹಳ್ಳಿಯ ಕಡೆಯ ಯಾವನೋ ಹುಡುಗ ಹಲಸಿನ ಹಪ್ಪಳದ ಬಗ್ಗೆ ಬರೆದದ್ದು ಸಿಗುತ್ತಿತ್ತು. ಯಾರ ಶಿಫಾರಸೂ ಇಲ್ಲದೆ, ಒಬ್ಬರ ಬ್ಲಾಗಿನ ಬದಿಯಲ್ಲಿ ಇನ್ನೊಬ್ಬರ ಬ್ಲಾಗಿನ ಹೆಸರು ಹಾಕಿಕೊಂಡು, ಪರಸ್ಪರ ಕೈಹಿಡಿದು ಒಳಗೆ ಹೋದವರು ಅವರು. ಆ ಲಿಂಕುಗಳನ್ನು ಯಾರೂ ಕೊಂಡಿರಲಿಲ್ಲ. ಅದೇ ಅವುಗಳ ಬಲವಾಗಿತ್ತು, ಮಾರುಕಟ್ಟೆಯವರು ನಕಲು ಹೊಡೆದದ್ದೂ ಅದನ್ನೇ.

ಪತ್ರಿಕೆಗಳು ಆಮೇಲೆ ಯೂನಿಕೋಡಿಗೆ ಬಂದವು. ನಮ್ಮ ಇಲಾಖೆಗಳು? ಆದೇಶವನ್ನು ಕಂಪ್ಯೂಟರಿನಲ್ಲಿ ಟೈಪಿಸಿ, ಮುದ್ರಿಸಿ, ಸಹಿ ಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ಪಿಡಿಎಫ್ ಮಾಡಿ, ವೆಬ್‌ಸೈಟಿಗೆ ಏರಿಸುವ ಸಂಪ್ರದಾಯ ಇನ್ನೂ ಅಳಿದಿಲ್ಲ. ಹಳೆಯ ಫಾಂಟಿನಲ್ಲೇ ಉಳಿದ ಕಡತಗಳೂ ಧಾರಾಳ. ಐವತ್ತಲ್ಲ, ಐವತ್ತು ಸಾವಿರ ಬ್ಲಾಗಿನಿಂದ ಲಿಂಕು ಕೊಟ್ಟರೂ ರೈತನೊಬ್ಬ ಯೋಜನೆಯ ಹೆಸರು ಕನ್ನಡದಲ್ಲಿ ಟೈಪಿಸಿದಾಗ ಆ ಆದೇಶ ಸಿಗುವ ಖಾತರಿಯಿಲ್ಲ. ಸಿಗುವುದು ಯಾರದ್ದು? ಆ ಆದೇಶವನ್ನು ಅರ್ಧಂಬರ್ಧ ಓದಿ 'ಈ ಯೋಜನೆಗೆ ಅರ್ಜಿ ಹಾಕುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ' ಎಂದು ಬರೆದು, ಸಂಪೂರ್ಣ ಮಾಹಿತಿಯನ್ನು ಹೊರತುಪಡಿಸಿ ಉಳಿದೆಲ್ಲವನ್ನೂ ಜಾಹೀರಾತಿನ ನಡುವೆ ಕೊಡುವ ಬ್ಲಾಗಿನದ್ದು. ಮೂಲ ಆದೇಶ ಕಡತದಲ್ಲಿ, ಅದರ ವದಂತಿ ಗೂಗಲ್ಲಿನ ಮೊದಲ ಪುಟದಲ್ಲಿ. ತಾಲ್ಲೂಕು ಕಚೇರಿ ಅಂತರಜಾಲಕ್ಕೆ ಬಂದಿದೆ ಎಂದರೆ ಹೀಗೆ, ಮರದ ಸಮೇತ.

ಇತ್ತೀಚಿನ ಬೆಳವಣಿಗೆ ಇನ್ನೂ ಸೊಗಸಾಗಿದೆ. ಈಗ ಬರೆಯಲು ಎಐ ಬಂದಿದೆ. ಗಡಿಯಾರಕ್ಕೆ ಸ್ನಾನ ಮಾಡಿಸದೆ, ತಪ್ಪಿಲ್ಲದ ವ್ಯಾಕರಣದಲ್ಲಿ, ಏನೂ ಹೇಳದೆ ಎರಡು ಸಾವಿರ ಪದ ಬರೆಯಬಲ್ಲದು. ಸತ್ತ ತಾಣಗಳ ವಿಳಾಸ ಕೊಂಡು ಅದರಲ್ಲಿ ಈ ಬರಹ ತುಂಬುವ ದಂಧೆಯೂ ಇದೆ. 'ದಿ ಹೇರ್‌ಪಿನ್' ಎಂಬ, ಮಹಿಳೆಯರ ಒಳ್ಳೆಯ ಬರಹಗಳಿಗೆ ಹೆಸರಾಗಿದ್ದ ಅಮೆರಿಕದ ತಾಣ 2018ರಲ್ಲಿ ನಿಂತಿತು. ಕೆಲವು ವರ್ಷಗಳ ನಂತರ ಅದರ ವಿಳಾಸವನ್ನು ಯಾರೋ ಕೊಂಡು ಯಂತ್ರದ ಬರಹ ತುಂಬಿದರು. ಹೆಣದ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಳ್ಳುವ ಕಥೆ ನಮಗೆ ಹೊಸದೇ? 2024ರ ಮಾರ್ಚಿನಲ್ಲಿ ಗೂಗಲ್ ಇದನ್ನೂ, ರಾಶಿರಾಶಿ ಬರಹ ಉದುರಿಸುವುದನ್ನೂ ತಪ್ಪಿನ ಪಟ್ಟಿಗೆ ಸೇರಿಸಿತು. ಎರಡು ತಿಂಗಳು ಕಳೆದು, ಮೇ ತಿಂಗಳಲ್ಲಿ, ಅಮೆರಿಕದಲ್ಲಿ ತನ್ನದೇ ಎಐ ಉತ್ತರಗಳನ್ನು ಫಲಿತಾಂಶಗಳ ತಲೆಯ ಮೇಲೆ ಕೂರಿಸಿತು. ಪಿಜ್ಜಾದ ಮೇಲೆ ಚೀಸು ನಿಲ್ಲುತ್ತಿಲ್ಲ ಎಂದವರಿಗೆ ಅದು, ಸ್ವಲ್ಪ ಗೋಂದು ಹಚ್ಚಿ ಎಂದು ಸಲಹೆ ಕೊಟ್ಟಿತು. ದಶಕದ ಹಿಂದೆ ರೆಡ್ಡಿಟ್‌ನಲ್ಲಿ ಯಾರೋ ತಮಾಷೆಗೆ ಬರೆದ ಮಾತು ಅದು. ಗಮನಿಸಿ, ಆ ತಮಾಷೆ ಮಾತ್ರ ಸಕಾಲದಲ್ಲಿ ಇಂಡೆಕ್ಸ್ ಆಗಿತ್ತು.

ಅಂದಮೇಲೆ ಸಕಲೇಶಪುರದ ಬೆಳೆಗಾರರ ಪುಟ ಐವತ್ತು ಬ್ಲಾಗು, ಐನೂರು ಬ್ಲಾಗು ದಾಟಿ, ಕೊನೆಗೂ ಕಡತಕ್ಕೆ ಸೇರಿತು ಎಂದೇ ಇಟ್ಟುಕೊಳ್ಳಿ. ಪ್ರವಾಸಿ ಬಂದು ಗೂಗಲ್ಲಿನಲ್ಲಿ ಕೇಳುತ್ತಾನೆ. ಎಐ ಆ ಪುಟದ ಸಾರ ಹಿಂಡಿ ಅಲ್ಲೇ ಉತ್ತರ ಕೊಡುತ್ತದೆ. ಅವನು ಪುಟದವರೆಗೆ ಹೋಗುವುದೇ ಇಲ್ಲ. ಅರ್ಜಿ ಮಂಜೂರಾಗಿದೆ, ಜಮೀನು ಮಾತ್ರ ಕಚೇರಿಯ ಹೆಸರಿಗಾಗಿದೆ.

ಇಷ್ಟಾದರೂ ಮರದ ಕೆಳಗಿನ ಟೇಬಲ್ಲು ಖಾಲಿಯಾಗಿಲ್ಲ, ನಿಮಗೂ ಒಂದಲ್ಲ ಒಂದು ದಿನ ಫೋನ್ ಬರುತ್ತದೆ. ನಿಮ್ಮ ಪುಟವನ್ನು ಮೂರು ದಿನದಲ್ಲಿ ಇಂಡೆಕ್ಸ್ ಮಾಡಿಸಿ, ಮೂರು ತಿಂಗಳಲ್ಲಿ ಗೂಗಲ್ಲಿನ ತುತ್ತತುದಿಗೆ ಏರಿಸಿ, ಹುಡುಕಿದವರಿಗೆಲ್ಲ ನೀವೇ ಮೊದಲು ಸಿಗುವಂತೆ ಮಾಡುತ್ತೇನೆ ಎನ್ನುತ್ತಾನೆ. ಗದರಬೇಡಿ, ಪಾಪ, ಅವನದ್ದೂ ಟಾರ್ಗೆಟ್ಟಿನ ನೌಕರಿ. ಒಂದೇ ಪ್ರಶ್ನೆ ಕೇಳಿ: 'ಹುಡುಕಿದವರಿಗೆಲ್ಲ ಸಿಗುವ ವಿದ್ಯೆ ನಿಮ್ಮ ಹತ್ತಿರ ಇರುವಾಗ, ಗಿರಾಕಿ ಹುಡುಕಿಕೊಂಡು ನೀವು ನನಗೆ ಫೋನ್ ಮಾಡಬೇಕಾಗಿ ಬಂದದ್ದು ಯಾಕಪ್ಪ?'